ನಾಲ್ಕು ಗಂಟೆಯ ಹೊಗೆ

ಮೊದಲು ತಪ್ಪಿದ್ದು ಎಣಿಕೆ.

ಪ್ರೆಸ್ಸಿಗೆ ಬೆರಳು ಕೊಟ್ಟು ಬಂದಿದ್ದ ಒಬ್ಬ ಕಾರ್ಮಿಕನ ನಾಡಿ ಹಿಡಿದು ನಿಂತಿದ್ದೆ. ನಲವತ್ತರ ಹತ್ತಿರ ಬಂದಾಗ ಕೆಮ್ಮು ಬಂತು. ಮತ್ತೆ ಒಂದರಿಂದ ಶುರು ಮಾಡಿದೆ. ಮತ್ತೆ ಕೆಮ್ಮು. ಮೂರನೇ ಸಲ ಅವನೇ, "ನೀರು ಕುಡ್ಕೊಂಡು ಬನ್ನಿ ಸಿಸ್ಟರ್, ನಾನೆಲ್ಲೂ ಹೋಗಲ್ಲ," ಅಂದ.

ಆಗ ನನಗೆ ಮೂವತ್ತಾರು. ನರ್ಸ್ ಆಗಿ ಹದಿಮೂರು ವರ್ಷ, ಅದರಲ್ಲಿ ಎಂಟು ವರ್ಷ ಪೀಣ್ಯದ ಈ ನರ್ಸಿಂಗ್ ಹೋಮಿನಲ್ಲೇ ಕಳೆದಿದ್ದೆ. ಮೂವತ್ತು ಹಾಸಿಗೆ, ಎರಡು ಮಹಡಿ, ಆರು ಜನ ನರ್ಸುಗಳು, ಅವರಿಗೆಲ್ಲ ಇನ್‌ಚಾರ್ಜ್ ನಾನು. ಸುತ್ತ ಲೇತ್ ಶಾಪುಗಳು, ಪ್ಲೇಟಿಂಗ್ ಮಾಡುವವರು, ಪೇಂಟ್ ಹೊಡೆಯುವವರು. ನಮ್ಮಲ್ಲಿಗೆ ಬರುತ್ತಿದ್ದದ್ದು ಜಜ್ಜಿದ ಬೆರಳು, ಆಸಿಡ್ ಸಿಡಿದ ಕೈ, ಕಣ್ಣಿಗೆ ಬಿದ್ದ ಕಬ್ಬಿಣದ ಚೂರು, ಮತ್ತು ಹೆರಿಗೆ. ಈ ಏರಿಯಾದಲ್ಲಿ ಕೆಮ್ಮುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನ ಗಂಡ ರುದ್ರೇಶ್ ಅಲ್ಲೇ ಎರಡು ರಸ್ತೆ ಆಚೆ ವಾಲ್ವ್ ಕಾರ್ಖಾನೆಯಲ್ಲಿದ್ದರು. "ಪೀಣ್ಯದ ಧೂಳು ಕಣೇ. ನಂಗೂ ಇದೆ," ಅಂದರು.

ನನಗೂ ಹಾಗೇ ಅನಿಸಿತ್ತು. ಸ್ಟಾಕ್ ಬೀರುವಿನಿಂದ ಕೆಮ್ಮಿನ ಸಿರಪ್ ತೆಗೆದುಕೊಂಡೆ. ಹದಿನೈದು ದಿನವಾದರೂ ಕಡಿಮೆಯಾಗಲಿಲ್ಲ. ಆಮೇಲೆ ಟಿಬಿ ಇರಬಹುದೆಂಬ ಭಯ ಹುಟ್ಟಿತು. ಮೂರು ಬೆಳಿಗ್ಗೆ ಕಫ ಹಿಡಿದು ಬೇರೆ ಲ್ಯಾಬಿಗೆ ಕೊಟ್ಟೆ. ಡಬ್ಬಿಯ ಮೇಲೆ ಗಿರಿಜಾ ಎಂದು ಬರೆಯಲಿಲ್ಲ, ತೀರಿಹೋದ ಅತ್ತೆಯ ಹೆಸರು ಬರೆದೆ. ಟಿಬಿ ಬಂದರೆ ಹೆದರಬೇಡಿ, ಅದು ವಾಸಿಯಾಗುವ ರೋಗ ಎಂದು ವರ್ಷಕ್ಕೆ ನೂರಾರು ಜನಕ್ಕೆ ಹೇಳುತ್ತಿದ್ದವಳು ನಾನು.

ಕಫದಲ್ಲಿ ಏನೂ ಇರಲಿಲ್ಲ. ಎಕ್ಸ್‌ರೇಯಲ್ಲೂ ಇರಲಿಲ್ಲ. ನರ್ಸಿಂಗ್ ಹೋಮಿನ ಮಾಲೀಕರಾದ ಡಾಕ್ಟರ್ ಪ್ರಭಾಕರ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು.

"ಕ್ಲಿಯರ್ ಇದೆ ಸಿಸ್ಟರ್. ಸ್ವಲ್ಪ ಟೆನ್ಷನ್ ಜಾಸ್ತಿ ನಿಮ್ಗೆ. ರೆಸ್ಟ್ ತಗೊಳ್ಳಿ."

"ರಜಾ ಕೊಡ್ತೀರಾ ಸಾರ್?"

"ಈ ವಾರ ಲಿಸಿ ಊರಿಗೆ ಹೋಗಿದಾರಲ್ಲ. ಅವರು ಬರ್ಲಿ."

ನರ್ಸ್ ಲಿಸಿ ಕೋಟ್ಟಯಂ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಬಂದಳು. ಆಮೇಲೆ ಇನ್ನೊಬ್ಬಳಿಗೆ ನಿಶ್ಚಿತಾರ್ಥವಾಯಿತು. ನನ್ನ ರಜೆ ಮುಂದೆ ಹೋಗುತ್ತಲೇ ಇತ್ತು. ಇದರಲ್ಲಿ ಯಾರದ್ದೂ ಕೆಟ್ಟತನವಿರಲಿಲ್ಲ. ಹನ್ನೆರಡು ಗಂಟೆಯ ಡ್ಯೂಟಿಯಲ್ಲಿ ಒಬ್ಬಳು ಕಡಿಮೆಯಾದರೆ ಉಳಿದವರ ಊಟ ತಪ್ಪುತ್ತದೆ, ಅಷ್ಟೆ.

ಅಷ್ಟರಲ್ಲಿ ಮನೆಯ ದಿನಚರಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿತು. ಒಗ್ಗರಣೆ ಹಾಕಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಆ ಕೆಲಸ ರುದ್ರೇಶ್ ಪಾಲಿಗೆ ಬಂತು. ಅವರು ಸಾಸಿವೆ ಸೀಯಿಸುತ್ತಿದ್ದರು, ನಾವು ಮಾತಾಡದೆ ತಿನ್ನುತ್ತಿದ್ದೆವು. ಮಗಳು ವಾಣಿ ನಾಲ್ಕನೇ ಕ್ಲಾಸು. ಒಂದು ಬೆಳಿಗ್ಗೆ ಅವಳ ಜಡೆ ಅರ್ಧ ಹೆಣೆದು ಕೈ ನಿಲ್ಲಿಸಿದೆ, ಮೇಲೆತ್ತಿದ ಕೈಗೆ ಉಸಿರು ಸಾಲದಾಯಿತು. ಅವಳು ಹಿಂತಿರುಗಿ ನೋಡಲಿಲ್ಲ. ಉಳಿದ ಅರ್ಧವನ್ನು ತಾನೇ ಹೆಣೆದುಕೊಂಡಳು. ಮಾರನೇ ದಿನದಿಂದ ನನ್ನ ಹತ್ತಿರ ಜಡೆಗೆ ಬರಲಿಲ್ಲ.

ನಾನು ಒಂದನ್ನು ಗಮನಿಸಿರಲಿಲ್ಲ. ಈಗ ಹೇಳುವಾಗ ನಾಚಿಕೆಯಾಗುತ್ತದೆ, ಏಕೆಂದರೆ ಗಮನಿಸುವುದೇ ನನ್ನ ಕೆಲಸ. ಬೆಳಿಗ್ಗೆ ನಾನು ಪರವಾಗಿಲ್ಲ ಎನ್ನುವಂತೆ ಇರುತ್ತಿದ್ದೆ. ಸಂಜೆಯಾಗುವಾಗ ಎದೆಯೊಳಗೆ ಯಾರೋ ಹುರಿ ಬಿಗಿದಂತಾಗುತ್ತಿತ್ತು. ದಣಿವು ಎಂದುಕೊಂಡಿದ್ದೆ.

ಅದು ದಣಿವಲ್ಲವೆಂದು ಗೊತ್ತಾದದ್ದು ಲೇಬರ್ ರೂಮಿನಲ್ಲಿ. ಎರಡನೇ ಹೆರಿಗೆ, ತೊಂದರೆ ಇಲ್ಲದ ಕೇಸು. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಕಿಟಕಿ ತೆರೆದಿದ್ದೆವು. ಮಗುವಿನ ತಲೆ ಕಾಣಿಸಿಕೊಂಡ ಹೊತ್ತಿಗೆ ಹೊರಗಿನಿಂದ ಹೊಗೆ ಒಳಬಂತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಒಂದು ಬಗೆಯ ಸಿಹಿ ಇರುತ್ತದೆ. ಮಗು ಜಾರಿ ಕೈಗೆ ಬಂತು. ಹೊಕ್ಕುಳಬಳ್ಳಿ ಕಟ್ಟಿ ಕತ್ತರಿಸಿದೆ. ಮಗು ಅತ್ತಿತು. ನನಗೆ ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. "ಲಿಸಿ" ಎನ್ನಲು ಬಾಯಿ ತೆರೆದೆ. ದನಿ ಇರಲಿಲ್ಲ. ಮಗುವನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಂಡ ಮೇಲೆ ನೆಲದ ಮೇಲೆ ಕುಳಿತೆ.

ನನ್ನ ತುಟಿ ನೀಲಿಯಾಗಿತ್ತಂತೆ.

ಆಕ್ಸಿಜನ್ ಹಾಕಿದರು, ಡ್ರಿಪ್‌ನಲ್ಲಿ ಔಷಧಿ ಬಿಟ್ಟರು. ಹೆರಿಗೆಯಾಗಿ ಟೇಬಲ್ಲಿನ ಮೇಲೆ ಮಲಗಿದ್ದವಳು ಎದ್ದು ಕೂರಲು ನೋಡಿ, "ಆ ಸಿಸ್ಟರ್‌ಗೆ ಏನಾಯ್ತು?" ಎಂದು ಕೇಳುತ್ತಲೇ ಇದ್ದದ್ದು ಕೇಳಿಸಿತು. ಮೂರು ದಿನ ನಾನು ನನ್ನದೇ ವಾರ್ಡಿನಲ್ಲಿ ಮಲಗಿದೆ. ಆರನೇ ನಂಬರಿನ ಹಾಸಿಗೆ, ಹಿತ್ತಿಲ ಕಡೆಯ ಕಿಟಕಿಯ ಪಕ್ಕ.

ಎಂಟು ವರ್ಷ ಆ ವಾರ್ಡಿನಲ್ಲಿ ಓಡಾಡಿದ್ದೆ. ಮಲಗಿ ನೋಡಿರಲಿಲ್ಲ. ಮಲಗಿದವರಿಗೆ ಕಾಣುವುದು ಬೇರೆ. ಛಾವಣಿಯ ಬಿರುಕು, ಡ್ರಿಪ್ ಸ್ಟ್ಯಾಂಡಿನ ತುಕ್ಕು, ಕಿಟಕಿಯ ಕೆಳಗಿನ ಕಂಬಿಗೆ ಹತ್ತಿದ ಕಪ್ಪು ಮಸಿ. ಆ ಮಸಿಯನ್ನು ನಾನು ನಿಂತಿದ್ದಾಗ ಕಂಡಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಪಕ್ಕೆಲುಬು ಮುರಿದುಕೊಂಡ ಒಬ್ಬ ಫಿಟ್ಟರ್ ಇದ್ದ. ಎರಡನೇ ದಿನ ಮಧ್ಯಾಹ್ನ ಅವನು ತಲೆದಿಂಬನ್ನು ತೆಗೆದು ಎದೆಗೆ ಅವುಚಿ ಹಿಡಿದುಕೊಂಡ.

"ನೋವಾ?" ಎಂದು ಕೇಳಿದೆ.

"ಇಲ್ಲ ಸಿಸ್ಟರ್. ಹೊಗೆ ಬರೋ ಟೈಮಾಯ್ತು. ಕೆಮ್ಮಿದ್ರೆ ಪಕ್ಕೆ ಹಿಡ್ಕೊಳತ್ತೆ, ಅದಕ್ಕೆ."

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅವನು ಸೇರಿ ಒಂಬತ್ತು ದಿನವಾಗಿತ್ತು. ಹೊಗೆ ಬಂದರೆ ಕೆಮ್ಮು ಬರುತ್ತದೆಂದು ಎಂಟು ವರ್ಷದ ನಾನು ಗಮನಿಸಿರಲಿಲ್ಲ, ಒಂಬತ್ತು ದಿನದ ಅವನು ಗಮನಿಸಿದ್ದ.

ನಾಲ್ಕು ಗಂಟೆಗೆ ಆಯಾ ನಿಂಗಮ್ಮ ಎರಡು ಮೂಟೆ ಕಸ ಎಳೆದುಕೊಂಡು ಹಿತ್ತಿಲಿಗೆ ಬಂದಳು. ಲಿಂಗಸುಗೂರಿನ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಲಗ್ಗೆರೆಯಲ್ಲಿ ಬಾಡಿಗೆಯ ಒಂದು ಕೋಣೆ. ಅವಳು ಮೂಟೆಗಳನ್ನು ಗುಂಡಿಗೆ ಸುರಿದಳು, ಸೀಮೆಎಣ್ಣೆ ಹಾಕಿ ಕಡ್ಡಿ ಗೀರಿದಳು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಉದ್ದನೆಯ ಕೋಲಿನಿಂದ ಕೆದಕತೊಡಗಿದಳು. ಕಪ್ಪು ಹೊಗೆ ಮೇಲೆದ್ದು, ಗೋಡೆಗೆ ತಾಗಿ, ಗೋಡೆಯನ್ನೇ ಹಿಡಿದು ಏರಿ ನಮ್ಮ ಕಿಟಕಿಗೆ ಬಂತು. ಲಿಸಿ ಓಡಿಬಂದು ಕಿಟಕಿ ಹಾಕಿದಳು. ನಾನೂ ದಿನಾ ಹಾಗೇ ಹಾಕುತ್ತಿದ್ದೆ. ಕಿಟಕಿ ಹಾಕುವುದು ನಮ್ಮ ನಾಲ್ಕು ಗಂಟೆಯ ಕೆಲಸಗಳಲ್ಲಿ ಒಂದಾಗಿತ್ತು, ಟೆಂಪರೇಚರ್ ನೋಡುವ ಹಾಗೆ.

ಡಿಸ್ಚಾರ್ಜ್ ಆದ ಮೇಲೆ ರುದ್ರೇಶ್ ನನ್ನನ್ನು ಸರ್ಕಾರಿ ಎದೆರೋಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಡಾಕ್ಟರು ನಿವೃತ್ತಿಯ ಹತ್ತಿರಕ್ಕೆ ಬಂದ ಹೆಂಗಸು. ಮಾತು ಕಡಿಮೆ. ಬಿಳಿ ಕೊಳವೆಯಂಥ ಒಂದು ಪೀಕ್ ಫ್ಲೋ ಮೀಟರ್ ಕೊಟ್ಟು ಊದಿಸಿದರು. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆಂದು ಮುಳ್ಳು ತೋರಿಸುತ್ತದೆ. ಇನ್ನೂರ ಇಪ್ಪತ್ತು.

"ನಿಮ್ಮ ಎತ್ತರಕ್ಕೆ ಮುನ್ನೂರ ಎಂಬತ್ತರ ಹತ್ರ ಇರ್ಬೇಕು," ಅಂದರು. "ಇದು ಅಸ್ತಮಾ. ಯಾಕೆ ಅನ್ನೋದು ನಂಗೊತ್ತಿಲ್ಲ. ಒಂದು ತಿಂಗಳು ಬೆಳಿಗ್ಗೆ ಸಂಜೆ ಊದಿ, ಬರ್ಕೊಂಡು ಬನ್ನಿ. ಎಲ್ಲಿದ್ರಿ ಅಂತಾನೂ ಬರೀರಿ. ಊಹೆ ಬೇಡ."

ಇನ್‌ಹೇಲರ್ ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದಾಗ ನನಗಾದ ಸಂಕೋಚವನ್ನು ಮುಚ್ಚಿಡುವುದಿಲ್ಲ. ಬ್ಯಾಗಿನಲ್ಲಿ ಅದನ್ನು ಕರ್ಚೀಫಿನಲ್ಲಿ ಸುತ್ತಿಟ್ಟೆ. ಇನ್‌ಹೇಲರ್ ಚಟವಾಗುತ್ತದೆ ಎನ್ನುವ ರೋಗಿಗಳನ್ನು ನಾನು ಗದರಿದ್ದೆ. ಈಗ ರುದ್ರೇಶ್ ಅದೇ ಮಾತು ಹೇಳಿದಾಗ ಬ್ಯಾಗಿನ ಜಿಪ್ ಎಳೆದೆ.

ಮೊದಲ ಹತ್ತು ದಿನ ಹೊಸದುರ್ಗದ ತವರಲ್ಲಿದ್ದೆ. ಇನ್ನೂರ ಅರವತ್ತು, ಇನ್ನೂರ ತೊಂಬತ್ತು, ಮುನ್ನೂರ ನಲವತ್ತು. ಅಮ್ಮನ ಒಗ್ಗರಣೆಯ ಮುಂದೆ ಕುಳಿತು ಮಾತಾಡಿದೆ. ನಂತರ ಡ್ಯೂಟಿಗೆ ಬಂದೆ. ಮುನ್ನೂರ ಹತ್ತು, ಇನ್ನೂರ ಎಪ್ಪತ್ತು. ಗುರುವಾರ ಸಂಜೆ ಇನ್ನೂರ ಮೂವತ್ತು. ಭಾನುವಾರ ಸ್ವಲ್ಪ ಏರಿತು. ಸೋಮವಾರ ಸಂಜೆ ಮತ್ತೆ ಇಳಿಯಿತು.

ತಿಂಗಳ ಕೊನೆಗೆ ಡಾಕ್ಟರು ನನ್ನ ನೋಟ್‌ಬುಕ್ಕಿನ ಮೇಲೆ ಪೆನ್ಸಿಲ್ ಓಡಿಸಿದರು.

"ಇಲ್ಲಿ ಎಲ್ಲಿದ್ರಿ?"

"ತವರಲ್ಲಿ."

"ಇಲ್ಲಿ?"

"ಡ್ಯೂಟೀಲಿ."

"ನಾನು ಹೇಳೋದು ಏನೂ ಉಳೀಲಿಲ್ಲ." ಪೆನ್ಸಿಲ್ ಕೆಳಗಿಟ್ಟರು. "ಅಲ್ಲಿ ಏನು ಸುಡ್ತಾರೆ?"

ಹೇಳಿದೆ. ಸಿರಿಂಜು, ಡ್ರಿಪ್ ಸೆಟ್ಟು, ಗ್ಲೌಸು, ರಕ್ತದ ಹತ್ತಿ, ಹಳೇ ಪ್ಲಾಸ್ಟರು, ಊಟದ ಎಲೆ, ಎಲ್ಲ ಒಟ್ಟಿಗೆ.

"ಯಾರು?"

"ಆಯಾ."

"ಸುಡೋರಲ್ಲ. ಸುಡೋಕೆ ಹೇಳಿದ್ದು ಯಾರು?"

ನಾನೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗಾಜಿನ ಸಿರಿಂಜುಗಳಿದ್ದವು. ಕುದಿಸುತ್ತಿದ್ದೆವು, ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜುತ್ತಿದ್ದೆವು. ಒಂದು ದಿನದ ಕಸ ಒಂದು ಬಕೆಟ್ಟು ಮೀರುತ್ತಿರಲಿಲ್ಲ. ಆಮೇಲೆ ಏಡ್ಸ್ ಬಂತು, ಗೋಡೆಗಳ ಮೇಲೆ ಪೋಸ್ಟರುಗಳು ಬಂದವು. ಡಾಕ್ಟರ್ ಪ್ರಭಾಕರ್ ಮುಂದೆ ನಿಂತು ಒಮ್ಮೆ ಬಳಸಿ ಎಸೆಯುವ ಸಿರಿಂಜೇ ಬೇಕು ಎಂದು ಹಟ ಹಿಡಿದವಳು ನಾನು. ಅವರು ಒಪ್ಪಿದ ದಿನ ನರ್ಸುಗಳಿಗೆಲ್ಲ ಖುಷಿಯಾಗಿತ್ತು. ಆ ತೀರ್ಮಾನ ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ಎಸೆದದ್ದು ಎಲ್ಲಿಗೆ ಹೋಗುತ್ತದೆಂದು ಆ ದಿನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಕೆಟ್ಟು ಮೂಟೆಯಾಯಿತು. ಕಸದ ಲಾರಿ ನಮ್ಮ ರಸ್ತೆಗೆ ಬರುತ್ತಿರಲಿಲ್ಲ. ಚಿಂದಿ ಆಯುವವರು ಸಿರಿಂಜು ಎತ್ತಿಕೊಂಡು ಹೋಗಿ ತೊಳೆದು ಮತ್ತೆ ಮಾರುತ್ತಾರೆಂದು ಸುದ್ದಿಯಿತ್ತು. ಅದಕ್ಕೇ ನಾನು, ದಿನಾ ನಾಲ್ಕು ಗಂಟೆಗೆ, ಡ್ರೆಸಿಂಗ್ ರೌಂಡ್ ಮುಗಿದ ಕೂಡಲೆ, ಒಂದೂ ಉಳಿಯದ ಹಾಗೆ ಸುಡಬೇಕು ಎಂದು ನಿಂಗಮ್ಮನಿಗೆ ಹೇಳಿದ್ದೆ. ಮೊದಲ ವಾರ ಪಕ್ಕದಲ್ಲಿ ನಿಂತು ಸುಡಿಸಿಯೂ ಇದ್ದೆ.

ರುದ್ರೇಶ್‌ಗೆ ಹೇಳಿದಾಗ ಅವರು, "ಬಿಟ್ಟುಬಿಡು ಕೆಲಸ. ಬೇರೆ ಕಡೆ ಸಿಗಲ್ವಾ?" ಅಂದರು. ಸಿಗುತ್ತಿತ್ತು. ಆ ಯೋಚನೆಯನ್ನು ಮೂರು ದಿನ ಮನಸ್ಸಿನಲ್ಲಿಟ್ಟುಕೊಂಡೆ. ಬೇರೆ ಆಸ್ಪತ್ರೆ ಎಂದಾಗಲೆಲ್ಲ ಅದರ ಹಿತ್ತಿಲು ಕಣ್ಣಿಗೆ ಬರುತ್ತಿತ್ತು. ಯಾವ ಆಸ್ಪತ್ರೆಯ ಹಿತ್ತಿಲಲ್ಲಿ ಗುಂಡಿ ಇರಲಿಲ್ಲ?

ನಾಲ್ಕನೇ ದಿನ ನಿಂಗಮ್ಮನನ್ನು ಡ್ರೆಸಿಂಗ್ ರೂಮಿಗೆ ಕರೆದೆ.

"ನಿಂಗೆ ಕೆಮ್ಮು ಇದೆಯಾ ನಿಂಗಮ್ಮ?"

"ಇರತೈತ್ರಿ. ಬೆಂಕಿ ಮುಂದ ನಿಂತ ಮ್ಯಾಲ ಹೊಗಿ ಕುಡೀಲೇಬೇಕಲ್ರಿ."

"ಎಷ್ಟು ದಿನದಿಂದ?"

"ದಿನ ಅಲ್ರಿ ಸಿಸ್ಟರ್. ಎರಡ ವರ್ಷ ಆತು."

"ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?"

ಅವಳಿಗೆ ಪ್ರಶ್ನೆಯೇ ಅರ್ಥವಾಗದ ಹಾಗೆ ಕಂಡಿತು. "ನಾ ಇಲ್ಲಿ ಕೆಲಸಕ್ಕ ಬರ್ತೀನ್ರಿ. ತೋರಿಸ್ಕೊಳ್ಳಾಕ ಅಲ್ಲ."

ಮೀಟರಿನ ಬಾಯನ್ನು ಸ್ಪಿರಿಟ್‌ನಿಂದ ಒರೆಸಿ ಅವಳ ಕೈಗೆ ಕೊಟ್ಟೆ. ಊದುವುದು ಹೇಗೆಂದು ತೋರಿಸಿದೆ. ಮೂರು ಸಲ ಊದಿದಳು. ಮೂರನೆಯದೇ ಹೆಚ್ಚು.

ನೂರ ಅರವತ್ತು.

ಅವಳು ನನಗಿಂತ ಎರಡು ವರ್ಷ ಚಿಕ್ಕವಳು. "ಪಾಸಾತೇನ್ರಿ?" ಎಂದು ಕೇಳಿದಳು. ನಾನು ಮೀಟರನ್ನು ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ತಿರುಗಿದೆ.

ನನ್ನ ನೋಟ್‌ಬುಕ್ಕನ್ನು, ಅವಳ ಅಂಕಿ ಬರೆದ ಒಂದು ಚೀಟಿಯನ್ನು ತೆಗೆದುಕೊಂಡು ಡಾಕ್ಟರ್ ಪ್ರಭಾಕರ್ ಹತ್ತಿರ ಹೋದೆ. ಅವರು ಓದಿದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಆಗಲಿಲ್ಲ.

"ಬೇರೆ ಏನ್ ಮಾಡೋಣ ಹೇಳಿ ಸಿಸ್ಟರ್. ಸುಡದೆ ಇದ್ರೆ ರೋಡಿಗೆ ಹಾಕ್ಬೇಕು. ರೋಡಿಗೆ ಹಾಕಿದ್ರೆ ನಾಯಿ ಎಳೆಯತ್ತೆ. ದೊಡ್ಡ ಆಸ್ಪತ್ರೆಗಳ ಹಾಗೆ ಚಿಮಣಿ ಇಟ್ಟು ಸುಡೋ ಮೆಷಿನ್ ನಂಗೆ ಆಗಲ್ಲ."

"ಎಲ್ಲಾನೂ ಸುಡ್ಬೇಕಾಗಿಲ್ಲ ಸಾರ್. ಬೇರೆ ಬೇರೆ ಮಾಡಿದ್ರೆ ಸುಡೋದು ಕಾಲು ಭಾಗ ಇರತ್ತೆ."

"ಬೇರೆ ಮಾಡೋರು ಯಾರು?"

"ನಾವು."

ಆ 'ನಾವು' ಎಂಬ ಮಾತನ್ನು ಉಳಿದವರನ್ನು ಕೇಳದೆ ಆಡಿದೆ. ಅದರ ಫಲ ಬೇಗ ಬಂತು. ಸೂಜಿಗೆ ಮುಚ್ಚಳವಿರುವ ತಗಡಿನ ಡಬ್ಬಿ, ಪ್ಲಾಸ್ಟಿಕ್ಕಿಗೆ ಒಂದು ಬಕೆಟ್ಟು, ರಕ್ತದ ಹತ್ತಿಗೆ ಒಂದು, ಮಾಮೂಲಿ ಕಸಕ್ಕೆ ಒಂದು. ಡಬ್ಬಿಗಳನ್ನು ನಮ್ಮಲ್ಲೇ ಹೆಂಡತಿಯ ಹೆರಿಗೆ ಮಾಡಿಸಿಕೊಂಡಿದ್ದ ಶೀಟ್ ಮೆಟಲ್ ಶಾಪಿನವರು ಮಾಡಿಕೊಟ್ಟರು. ನರ್ಸುಗಳು ನಾನು ಹೇಳಿದ್ದನ್ನು ಕೈಕಟ್ಟಿ ನಿಂತು ಕೇಳಿದರು. ಕೊನೆಗೆ ಲಿಸಿ ಬಾಯಿಬಿಟ್ಟಳು.

"ಅಕ್ಕಾ, ನಿಮ್ಗೆ ಹುಷಾರಿಲ್ಲ, ನಂಗೆ ಬೇಜಾರಿದೆ. ಆದ್ರೆ ಹನ್ನೆರಡು ಗಂಟೆ ಡ್ಯೂಟಿ. ನಿನ್ನೆ ನಾನು ಊಟ ಮಾಡಿದ್ದು ಐದು ಗಂಟೆಗೆ. ಇದರಲ್ಲಿ ಕಸಾನೂ ಆರಿಸ್ಬೇಕಾ?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಇನ್‌ಚಾರ್ಜ್ ಆಗಿ ಉತ್ತರಿಸಿದೆ, "ಮಾಡ್ಲೇಬೇಕು" ಎಂದೆ. ಮಾಡಿದರು. ಬಿಡುವಿದ್ದಾಗ ಸರಿಯಾಗಿ, ಇಲ್ಲದಾಗ ಹೇಗೋ ಹಾಗೆ. ತಪ್ಪಾಗಿ ಬಿದ್ದದ್ದನ್ನು ನಿಂಗಮ್ಮ ಸಂಜೆ ಕೈಯಿಂದ ಆರಿಸಿ ಸರಿಯಾದ ಬಕೆಟ್ಟಿಗೆ ಹಾಕುತ್ತಿದ್ದಳು. ಅದು ನನಗೆ ಗೊತ್ತಿರಲಿಲ್ಲ. ನನಗೆ ಬೇಜಾರಾಗಬಾರದೆಂದು ಮಾಡುತ್ತಿದ್ದಳಂತೆ.

ಮೂರನೇ ವಾರ ಅವಳು ಬಲಗೈಯ ಹೆಬ್ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು ಬಂದಳು. ಹತ್ತಿಯ ಬಕೆಟ್ಟಿನಲ್ಲಿ ಸೂಜಿ ಇತ್ತು. ಆಳಕ್ಕೆ ಹೋಗಿತ್ತು.

ಬೆರಳನ್ನು ನೀರಿನ ಕೆಳಗೆ ಹಿಡಿದು ಸೋಪು ಹಾಕಿ ತೊಳೆದೆ.

"ಸೂಜಿ ಚುಚ್ಚಿದ್ರ ಏನಾಗತೈತ್ರಿ? ನೀವು ದಿನಾ ಎಲ್ಲಾರಿಗೂ ಚುಚ್ಚತೀರಲ್ಲ."

ಬಳಸಿದ ಸೂಜಿಯಿಂದ ಏನೇನು ಬರಬಹುದೆಂದು ಹೇಳಿದೆ. ಹೆಪಟೈಟಿಸ್, ಏಡ್ಸ್. ಬರಲೇಬೇಕೆಂದಿಲ್ಲ, ಬಹಳ ಸಲ ಬರುವುದಿಲ್ಲ, ಆದರೆ ಮೂರು ತಿಂಗಳಿಗೆ, ಆರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿ ನೋಡಬೇಕು ಎಂದೆ. ಗೋಡೆಯ ಮೇಲಿದ್ದ ಪೋಸ್ಟರಿನ ಕಡೆ ಅವಳು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆ ಪೋಸ್ಟರಿನ ಕೆಳಗೇ ದಿನಾ ನೆಲ ಒರೆಸುತ್ತಿದ್ದಳು.

"ಮತ್ತ ನನಗ ಮೊದಲ ಯಾಕ ಹೇಳಲಿಲ್ರಿ?"

ಅದನ್ನು ಅವಳು ಜಗಳದ ದನಿಯಲ್ಲಿ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದಳು.

ಆ ಬಕೆಟ್ಟಿಗೆ ಸೂಜಿ ಹಾಕಿದ್ದು ತಾನೆಂದು ಯಾರೂ ಒಪ್ಪಲಿಲ್ಲ. ನಾನು ಎಲ್ಲರನ್ನೂ ನಿಲ್ಲಿಸಿ ಕೇಳಿದೆ, ಲಿಸಿಯ ಕಡೆ ಸ್ವಲ್ಪ ಹೆಚ್ಚಾಗಿಯೇ ನೋಡಿದೆ. ಆಮೇಲೆ ಡ್ಯೂಟಿ ರಿಜಿಸ್ಟರ್ ತೆಗೆದು ನೋಡಿದಾಗ ಕಂಡದ್ದು, ಆ ದಿನ ಹನ್ನೊಂದರವರೆಗೆ ಡ್ರೆಸಿಂಗ್ ರೂಮಿನಲ್ಲಿದ್ದವಳು ನಾನು. ಅವತ್ತು ಉಸಿರು ಸರಿಯಿರಲಿಲ್ಲ, ನಾಲ್ಕು ಟಿಟಿ ಇಂಜೆಕ್ಷನ್ ಬೇಗ ಮುಗಿಸಿ ಇನ್‌ಹೇಲರಿಗೆ ಓಡಿದ ನೆನಪಿತ್ತು. ಸೂಜಿಗಳನ್ನು ಎಲ್ಲಿ ಹಾಕಿದೆನೆಂಬ ನೆನಪಿರಲಿಲ್ಲ.

ಅದು ನನ್ನದೇ ಇರಬಹುದಿತ್ತು.

ಮಾರನೇ ದಿನ ಎಲ್ಲರ ಮುಂದೆ ಹಾಗೆಂದು ಹೇಳಿದೆ. ಲಿಸಿ, "ಹಾಗಾದ್ರೆ ಒಂದು ರೂಲ್ ಮಾಡೋಣ ಅಕ್ಕಾ. ಚುಚ್ಚಿದವರೇ ಸೂಜಿ ಎಸೀಬೇಕು. ಟ್ರೇನಲ್ಲಿ ಇಟ್ಟು ಬರೋ ಹಾಗಿಲ್ಲ. ಡಬ್ಬಿ ಟ್ರೇ ಜೊತೇಲೇ ಹೋಗ್ಲಿ," ಅಂದಳು. ನಾನು ಮಾಡಿದ್ದ ಡಬ್ಬಿ, ಬಕೆಟ್ಟುಗಳ ಪದ್ಧತಿಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು. ಡಬ್ಬಿ ದೂರದಲ್ಲಿದ್ದದ್ದೇ ತೊಂದರೆಯಾಗಿತ್ತು. ನಡೆದು ಓಡಾಡುವವರನ್ನು ಕೇಳದೆ ನಾನು ಅದನ್ನು ಕಾರಿಡಾರಿನ ಕೊನೆಗೆ ಇಡಿಸಿದ್ದೆ.

ಡಾಕ್ಟರ್ ಪ್ರಭಾಕರ್ ಹತ್ತಿರ ಈ ಸಲ ನಾವೆಲ್ಲ ಒಟ್ಟಿಗೆ ಹೋದೆವು. ಆಯಾಗಳೂ ಸೇರಿ ಎಲ್ಲರಿಗೂ ಹೆಪಟೈಟಿಸ್ ಲಸಿಕೆ, ಆಯಾಗಳಿಗೆ ದಪ್ಪ ರಬ್ಬರ್ ಗ್ಲೌಸು, ಇನ್ನೊಬ್ಬ ನರ್ಸು ಬೇಕೆಂದು ಕೇಳಿದೆವು. ಮೊದಲ ಎರಡಕ್ಕೆ ಅಲ್ಲೇ ಒಪ್ಪಿದರು. ಮೂರನೆಯದಕ್ಕೆ "ನೋಡೋಣ" ಅಂದರು. ಏಳು ತಿಂಗಳ ಮೇಲೆ ಇನ್ನೊಬ್ಬಳು ಬಂದಳು. ಅಂದಿನಿಂದ ಮಧ್ಯಾಹ್ನ ಎರಡರ ಒಳಗೆ ಎಲ್ಲರೂ ಕುಳಿತು ಊಟ ಮಾಡುತ್ತೇವೆ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಹಸಿದವರ ಕೈಯಿಂದ ಸೂಜಿ ಎಲ್ಲಿ ಬೇಕಾದರೂ ಬೀಳುತ್ತದೆ.

ಆ ಮೂರು ತಿಂಗಳು ನನ್ನ ಕಾಯಿಲೆಯ ನೆನಪು ನನಗೆ ಕಡಿಮೆ. ಊದುತ್ತಿದ್ದೆ, ಬರೆಯುತ್ತಿದ್ದೆ, ಅಷ್ಟೆ. ನಿಂಗಮ್ಮನನ್ನು ಬಟ್ಟೆ ಒಗೆದು ಮಡಿಸುವ ಕೆಲಸಕ್ಕೆ ಹಾಕಿದ್ದೆವು. ಗಂಡನಿಗೆ ಹೇಳಿದೆಯಾ ಎಂದು ಒಮ್ಮೆ ಕೇಳಿದೆ. "ಬೆರಳಿಗಿ ಪೆಟ್ಟಾಗೈತಿ ಅಂದೀನ್ರಿ," ಎಂದಳು. ಮತ್ತೆ ಕೇಳಲಿಲ್ಲ. ನಾನೂ ಕಫದ ಡಬ್ಬಿಯ ಮೇಲೆ ಬೇರೆ ಹೆಸರು ಬರೆದವಳು.

ಮೂರು ತಿಂಗಳ ರಿಪೋರ್ಟ್ ನೆಗೆಟಿವ್ ಬಂತು. ನಾನು ಓದಿ ಹೇಳಿದಾಗ ಅವಳು ಕಾಗದವನ್ನು ತೆಗೆದುಕೊಂಡು ತಾನೇ ನೋಡಿದಳು. "ಇದರಾಗ ಎಲ್ಲಿ ಬರದೈತ್ರಿ ಅದು?" ಬೆರಳಿಟ್ಟು ತೋರಿಸಿದೆ. ಆ ಜಾಗದ ಮೇಲೆ ತಾನೂ ಬೆರಳಿಟ್ಟು ನೋಡಿ, ಕೆಲಸಕ್ಕೆ ಎದ್ದು ಹೋದಳು. ಆರು ತಿಂಗಳದ್ದೂ ನೆಗೆಟಿವ್.

ಗುಂಡಿ ಮುಚ್ಚಿದೆ. ಮುಚ್ಚಿದೆ ಎಂದರೆ ಪೂರ್ತಿ ಅಲ್ಲ. ರಕ್ತದ ಹತ್ತಿಯನ್ನು ಈಗಲೂ ವಾರಕ್ಕೆ ಎರಡು ಸಲ, ಕಾಂಪೌಂಡಿನ ದೂರದ ಮೂಲೆಯಲ್ಲಿ, ಉದ್ದ ಕೊಳವೆ ಇಟ್ಟ ಡ್ರಮ್ಮಿನಲ್ಲಿ ಸುಡುತ್ತೇವೆ, ಬೆಳಿಗ್ಗೆ ಗಾಳಿ ಹೊರಗಡೆಗೆ ಬೀಸುವಾಗ. ಊಟದ ಎಲೆ, ಹಣ್ಣಿನ ಸಿಪ್ಪೆ ಮಣ್ಣಿಗೆ ಹೋಗುತ್ತವೆ. ಸಿರಿಂಜುಗಳನ್ನು ಕತ್ತರಿಸಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸುತ್ತೇವೆ. ಆ ನೀರಿನ ಘಾಟು ನನಗೆ ಆಗುವುದಿಲ್ಲ, ಅದಕ್ಕೇ ಆ ನೀರಿನ ಪೀಪಾಯಿ ಹೊರಗಿದೆ, ಮುಚ್ಚಳ ತೆಗೆಯುವಾಗ ನಾನು ಹತ್ತಿರ ಇರುವುದಿಲ್ಲ. ನೆನೆಸಿದ ಪ್ಲಾಸ್ಟಿಕ್ಕನ್ನು ಒಬ್ಬರು ಬಂದು ಒಯ್ಯುತ್ತಾರೆ. ಎಲ್ಲಿ ಕರಗಿಸುತ್ತಾರೆ, ಅಲ್ಲಿ ಯಾರು ನಿಂತಿರುತ್ತಾರೆ ಎಂದು ಕೇಳಿದ್ದೇನೆ. ಸರಿಯಾದ ಉತ್ತರ ಸಿಕ್ಕಿಲ್ಲ. ಆಸ್ಪತ್ರೆಯ ಕಸಕ್ಕೆ ಸರ್ಕಾರ ನಿಯಮ ಮಾಡಿದೆ ಎಂದು ಈಚೆಗೆ ಪೇಪರಿನಲ್ಲಿ ಓದಿದೆ. ಡಾಕ್ಟರ್ ಪ್ರಭಾಕರ್ ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ.

ನನ್ನ ಅಸ್ತಮಾ ಹೋಗಿಲ್ಲ. ಹೋಗುವುದಿಲ್ಲ ಎಂದು ಎದೆರೋಗದ ಡಾಕ್ಟರು ಮೊದಲೇ ಹೇಳಿದ್ದರು. ಮುನ್ನೂರ ಮೂವತ್ತರ ಆಚೀಚೆ ನಿಂತಿದೆ. ನಿಂಗಮ್ಮನನ್ನೂ ಅವರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳದು ಇನ್ನೂರ ಹತ್ತಕ್ಕೆ ಬಂತು, ಅಲ್ಲಿಂದ ಮೇಲೆ ಏರಲಿಲ್ಲ. "ಮೊದಲೇ ಬಂದಿದ್ರೆ ಇನ್ನೂ ಸ್ವಲ್ಪ ಸಿಗ್ತಿತ್ತು," ಅಂದರು ಡಾಕ್ಟರು. ನನ್ನ ಕಡೆ ನೋಡಿ ಹೇಳಲಿಲ್ಲ, ಅದು ಅವರ ಒಳ್ಳೆಯತನ. ಕೆಮ್ಮು ಇಳಿದಿದೆ, ಊರಿಗೆ ಹೋದಾಗ ಬಾವಿಯಿಂದ ಎರಡು ಕೊಡ ನೀರು ತಂದೆನೆಂದು ನಿಂಗಮ್ಮ ಹೇಳಿದಳು. ಮೊದಲು ನಾಲ್ಕು ತರುತ್ತಿದ್ದಳಂತೆ.

ಈಗ ಮೇಲಿನ ಮಹಡಿಗೆ ಹೋಗುವಾಗ ಮೆಟ್ಟಿಲಿನ ತಿರುವಿನಲ್ಲಿ ನಾನು ನಿಲ್ಲಲೇಬೇಕು. ಅರ್ಧ ನಿಮಿಷ. ಅಲ್ಲಿಂದ ಕೆಳಗಿನ ವಾರ್ಡು ಪೂರ್ತಿ ಕಾಣುತ್ತದೆ. ನಾನು ಅಲ್ಲಿ ನಿಂತರೆ ಹೊಸದಾಗಿ ಸೇರಿದ ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು, ಬಕೆಟ್ಟುಗಳ ಮುಚ್ಚಳ ಎತ್ತಿ ನೋಡಿ, ಸೂಜಿಯ ಡಬ್ಬಿಯನ್ನು ಟ್ರೇ ಪಕ್ಕಕ್ಕೆ ಸರಿಸುತ್ತಾರೆ. ಸಿಸ್ಟರ್ ಇನ್ಸ್‌ಪೆಕ್ಷನ್‌ಗೆ ನಿಂತಿದ್ದಾರೆ ಎಂದು ಅವರ ಲೆಕ್ಕ. ಉಸಿರಿಗೆ ನಿಂತಿದ್ದೇನೆಂದು ನಾನು ಹೇಳಲು ಹೋಗಿಲ್ಲ. ಉಸಿರು ಬಂದ ಮೇಲೆ ಉಳಿದ ಮೆಟ್ಟಿಲು ಹತ್ತುತ್ತೇನೆ.